ಪೀಠಿಕೆ ಇಲ್ಲ, ಅಂಕ ಕಡಿತ

ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಕನ್ನಡ ಪರೀಕ್ಷೆಯ ದಿನ, ಬೀದರಿನಿಂದ ಚಾಮರಾಜನಗರದವರೆಗೆ, ಲಕ್ಷಾಂತರ ಮಕ್ಕಳು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಒಂದೇ ವಾಕ್ಯ ಬರೆಯುತ್ತಾರೆ: ಗಾದೆಗಳು ವೇದಗಳಿಗೆ ಸಮಾನ. ಬೆನ್ನಿಗೇ ಎರಡನೆಯದು: ವೇದ ಸುಳ್ಳಾದರೂ ಗಾದೆ ಸುಳ್ಳಾಗದು. ಮೂರನೆಯದರಲ್ಲಿ ಹಿರಿಯರು ಬರುತ್ತಾರೆ, ಹಿರಿಯರ ಜೊತೆ ಅನುಭವ ಬರುತ್ತದೆ, ಅನುಭವದ ಜೊತೆ ನುಡಿಮುತ್ತುಗಳು ಬರುತ್ತವೆ. ಕೇಳಿದ ಗಾದೆ ಯಾವುದು ಎಂಬುದು ನಾಲ್ಕನೆಯ ವಾಕ್ಯದವರೆಗೆ ಅಷ್ಟೇನೂ ಮುಖ್ಯವಲ್ಲ. 'ಕೈ ಕೆಸರಾದರೆ ಬಾಯಿ ಮೊಸರು' ಬಂದರೂ ಇದೇ, 'ಅತಿಯಾಸೆ ಗತಿಗೇಡು' ಬಂದರೂ ಇದೇ. 'ಮಾತು ಬೆಳ್ಳಿ, ಮೌನ ಬಂಗಾರ' ಬಂದರೆ ಅದನ್ನೂ ಮುಕ್ಕಾಲು ಪುಟ ಮಾತಾಡಿ ಸಮರ್ಥಿಸಬೇಕು.

ಇಷ್ಟು ಮಂದಿ ಒಟ್ಟಿಗೆ ಕೂತು ಒಂದೇ ಸಾಲು ಹೇಳುವುದನ್ನು ದೇವಸ್ಥಾನದಲ್ಲಿ ಕಂಡರೆ ಭಜನೆ ಎನ್ನುತ್ತೇವೆ. ಪರೀಕ್ಷಾ ಕೊಠಡಿಯಲ್ಲಿ ಕಂಡರೆ 'ಸ್ವಂತ ವಾಕ್ಯದಲ್ಲಿ ಬರೆಯುವುದು' ಎನ್ನುತ್ತೇವೆ.

ಈ ಸ್ವಂತ ವಾಕ್ಯಗಳನ್ನು ಕಾಯುವುದಕ್ಕೆ ಈಗ ಕ್ಯಾಮೆರಾ ಕೂಡ ಬಂದಿದೆ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ತಂದರು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಆ ವರ್ಷ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. ಮಗುವಿನ ಕುತ್ತಿಗೆ ಪಕ್ಕದ ಬೆಂಚಿನ ಕಡೆ ಎಷ್ಟು ತಿರುಗಿತು ಎಂಬುದನ್ನು ಜಿಲ್ಲಾ ಕೇಂದ್ರದಲ್ಲಿ ಕೂತವರು ಪರದೆಯ ಮೇಲೆ ನೋಡಬಹುದು. ಆದರೆ ಅದೇ ಮಗು ಗೈಡಿನ ನೂರಾ ಹನ್ನೆರಡನೇ ಪುಟವನ್ನು ತಲೆಯೊಳಗೆ ಬಿಚ್ಚಿಟ್ಟುಕೊಂಡು ಸಾಲು ಬಿಡದೆ ಇಳಿಸುತ್ತಿದ್ದರೆ ಯಾವ ಕ್ಯಾಮೆರಾಕ್ಕೂ ಕಾಣುವುದಿಲ್ಲ. ಪಕ್ಕದವನದನ್ನು ನೋಡಿ ಬರೆದರೆ ಡಿಬಾರ್, ಗೈಡಿನದನ್ನು ನೋಡದೆ ಬರೆದರೆ ಡಿಸ್ಟಿಂಕ್ಷನ್. ಕಾನೂನು ಸ್ಪಷ್ಟವಾಗಿದೆ.

ಫಲವೂ ಕಣ್ಣೆದುರಿಗಿದೆ. ಪ್ರಥಮ ಭಾಷೆಗೆ 125 ಅಂಕ: ಲಿಖಿತ ಪರೀಕ್ಷೆಗೆ 100, ಆಂತರಿಕ ಮೌಲ್ಯಮಾಪನಕ್ಕೆ 25. ಪ್ರತಿ ವರ್ಷ ಸಾವಿರಾರು ಮಕ್ಕಳು 125ಕ್ಕೆ 125 ತೆಗೆಯುತ್ತಾರೆ. ಅಂದರೆ ಅವರು ಬರೆದ ಪ್ರಬಂಧದಲ್ಲಿ ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆ ಇಲ್ಲ, ಇನ್ನು ಸುಧಾರಿಸುವುದಕ್ಕೆ ಏನೂ ಉಳಿದಿಲ್ಲ. ಕನ್ನಡ ಸಾಹಿತ್ಯದ ಚರಿತ್ರೆಯಲ್ಲಿ ವಿಮರ್ಶಕರು ಪಂಪನಿಗೂ ಅಷ್ಟು ಕೊಟ್ಟಿಲ್ಲ. ಒಂದೇ ಬೇಸಿಗೆಯಲ್ಲಿ ಸಾವಿರಾರು ಮಹಾಕವಿಗಳು ಹೊರಬರುತ್ತಾರೆ. ಜೂನಿನಲ್ಲಿ ಅವರಲ್ಲೇ ಒಬ್ಬನಿಗೆ ಬಸ್ ಪಾಸಿನ ಅರ್ಜಿ ಬರೆದುಕೊಡುವುದಕ್ಕೆ ಅಪ್ಪನೇ ಬರಬೇಕಾಗುತ್ತದೆ.

ಗದುಗಿನ ಕುಮಾರವ್ಯಾಸ ತನ್ನ ಭಾರತದ ಪೀಠಿಕೆಯಲ್ಲಿ ಒಂದು ಹೆಮ್ಮೆ ಹೇಳಿಕೊಂಡಿದ್ದಾನೆ. ತಾನು ಹಲಗೆ ಬಳಪ ಮುಟ್ಟಿದವನಲ್ಲ, ಒಮ್ಮೆ ಇಟ್ಟ ಪದವನ್ನು ಅಳಿಸಿದವನಲ್ಲ ಎಂದು. ಹೇಳಿದವನು ಕುಮಾರವ್ಯಾಸ, ಒಪ್ಪಬೇಕು. ನಮ್ಮ ಶಾಲೆಗಳು ಒಪ್ಪಿದ್ದಷ್ಟೇ ಅಲ್ಲ, ಅದನ್ನೇ ಮೂರನೇ ತರಗತಿಯ ಮಕ್ಕಳಿಗೆ ನಿಯಮ ಮಾಡಿಬಿಟ್ಟವು. ನೋಟ್‌ಬುಕ್ಕಿನಲ್ಲಿ ಹೊಡೆದು ಹಾಕುವ ಹಾಗಿಲ್ಲ. ಹೊಡೆದರೆ ಗಲೀಜು, ಗಲೀಜಾದರೆ ಅಂದಕ್ಕೆ ಅಂಕ ಇಲ್ಲ, ವೈಟ್ನರ್ ಹಚ್ಚಿದರೆ ಅನುಮಾನ. ಎಂಟು ವರ್ಷದ ಕುಮಾರವ್ಯಾಸರು ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ, ಗಂಟೆ ಬಾರಿಸುವುದರೊಳಗೆ, ಒಂದೇ ಏಟಿಗೆ 'ಗ್ರಂಥಾಲಯಗಳ ಮಹತ್ವ' ರಚಿಸಿ ಮುಗಿಸಬೇಕು. ಅವರ ಶಾಲೆಯ ಗ್ರಂಥಾಲಯ ಮುಖ್ಯೋಪಾಧ್ಯಾಯರ ಕೋಣೆಯ ಗೋದ್ರೇಜ್ ಬೀರು. ಅದರ ಬೀಗದ ಕೈ ಎಲ್ಲಿದೆ ಎಂದು ಮಕ್ಕಳಿಗೆ ಗೊತ್ತಿಲ್ಲ. ಮಹತ್ವ ಮಾತ್ರ ಚೆನ್ನಾಗಿ ಗೊತ್ತು.

ಕುಮಾರವ್ಯಾಸನಿಂದ ಇನ್ನೂ ಆರು ಶತಮಾನ ಹಿಂದಕ್ಕೆ ಹೋದರೆ ಇದಕ್ಕಿಂತ ದೊಡ್ಡ ತಮಾಷೆ ಸಿಗುತ್ತದೆ. ನಮಗೆ ಸಿಕ್ಕಿರುವ ಕನ್ನಡದ ಅತ್ಯಂತ ಹಳೆಯ ಪುಸ್ತಕ 'ಕವಿರಾಜಮಾರ್ಗ'. ಒಂಬತ್ತನೆಯ ಶತಮಾನದ್ದು. ಅದು ಕಥೆಯಲ್ಲ, ಪುರಾಣವಲ್ಲ, ಹೇಗೆ ಬರೆಯಬೇಕು ಎಂದು ಹೇಳಿಕೊಡುವ ಪುಸ್ತಕ! ಮೊದಲ ಪರಿಚ್ಛೇದವೇ ದೋಷಗಳ ಬಗ್ಗೆ. ಈ ಪದ್ಯದಲ್ಲಿ ತಪ್ಪಿದೆ, ಇದನ್ನು ಹೀಗೆ ತಿದ್ದಿದರೆ ಸರಿಹೋಗುತ್ತದೆ ಎಂದು ಅದನ್ನು ಬರೆದ ಶ್ರೀವಿಜಯ ಉದಾಹರಣೆ ಕೊಟ್ಟು ತೋರಿಸುತ್ತಾನೆ. ರಾಷ್ಟ್ರಕೂಟರ ಕಾಲದಲ್ಲಿ ತಿದ್ದಿ ಬರೆಯುವುದು ವಿದ್ಯೆಯಾಗಿತ್ತು ಎಂದಾಯಿತು. ಅದೇ ಪುಸ್ತಕದಲ್ಲಿ, ಈ ನಾಡಿನ ಜನ ವಿಧಿವತ್ತಾಗಿ ಓದದೆಯೂ ಕಾವ್ಯ ಕಟ್ಟುವುದರಲ್ಲಿ ಪಳಗಿದವರು ಎಂಬ ಪ್ರಸಿದ್ಧ ಹೊಗಳಿಕೆಯೂ ಇದೆ. ಪ್ರತಿ ನವೆಂಬರಿನಲ್ಲಿ ಧ್ವಜದ ಕೆಳಗೆ ನಿಂತು ಅದನ್ನು ಹೇಳುತ್ತೇವೆ. ಓದದೆಯೇ ಅಷ್ಟು ಚೆನ್ನಾಗಿ ಕಟ್ಟುತ್ತಿದ್ದ ಜನರನ್ನು ಹತ್ತು ವರ್ಷ ಕೂರಿಸಿ ಓದಿಸಿ ಆ ದೋಷವನ್ನು ಹೋಗಲಾಡಿಸಿದ್ದೇವೆ ಎಂಬುದನ್ನು ಯಾಕೋ ಹೇಳುವುದಿಲ್ಲ.

ನಮ್ಮಲ್ಲಿ ಬರವಣಿಗೆಗೆ ಪ್ರಕ್ರಿಯೆಯೇ ಇಲ್ಲ ಎಂದು ದೂರುವವರಿದ್ದಾರೆ. ಅವರು ಶಾಲೆ ನೋಡಿದವರಲ್ಲ. ಪಕ್ಕಾ ಪ್ರಕ್ರಿಯೆ ಇದೆ. ಮೇಷ್ಟ್ರು ಬೋರ್ಡಿನ ಮೇಲೆ ಬರೆಯುತ್ತಾರೆ, ಮಗು ಇಳಿಸಿಕೊಳ್ಳುತ್ತದೆ, ಮನೆಗೆ ಹೋಗಿ ಉರು ಹೊಡೆಯುತ್ತದೆ, ಪರೀಕ್ಷೆಯಲ್ಲಿ ವಾಪಸು ಕೊಡುತ್ತದೆ. ಮೇಷ್ಟ್ರು ಬೋರ್ಡಿಗೆ ಎಲ್ಲಿಂದ ಇಳಿಸಿದರು ಎಂದು ಕೇಳಬಾರದು. ಗೈಡಿನಿಂದ. ಗೈಡು ಬರೆದವರು ಎಲ್ಲಿಂದ ಇಳಿಸಿದರು? ಹಳೆಯ ಗೈಡಿನಿಂದ. ಹೀಗೆ ಹಿಂದಕ್ಕೆ ಹೋಗುತ್ತ ಹೋದರೆ ಎಲ್ಲೋ ಒಂದು ಕಡೆ 'ರಾಷ್ಟ್ರೀಯ ಹಬ್ಬಗಳ ಆಚರಣೆ' ಎಂಬ ಪ್ರಬಂಧವನ್ನು ಮೊತ್ತಮೊದಲು ಸ್ವಂತವಾಗಿ ಯೋಚಿಸಿ ಬರೆದ ಆದಿಪುರುಷನೊಬ್ಬ ಸಿಗಬೇಕು. ಆತನಿಗೆ ಎಷ್ಟು ಅಂಕ ಬಂದಿತ್ತೋ ಅನ್ನುವ ಕುತೂಹಲ ನನಗಿದೆ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಮೂರು ಅಂಕಣದ ಮನೆಯನ್ನು ಆತನೇ ಕಟ್ಟಿದನೋ, ಆಮೇಲೆ ಬಂದವರು ಕಟ್ಟಿ ಆತನನ್ನು ಒಳಗೆ ಕೂಡಿಹಾಕಿದರೋ ತಿಳಿಯದು.

ಪತ್ರಲೇಖನವಂತೂ ಬೇರೆಯೇ ಲೋಕ. ದಿನಾ ಬೆಳಗ್ಗೆ 'ಅಪ್ಪಾ, ಬುತ್ತಿ ತಗೋ' ಎಂದು ಕೂಗುವ ಹುಡುಗಿ ಪರೀಕ್ಷೆಯಲ್ಲಿ ತೀರ್ಥರೂಪು ತಂದೆಯವರ ಪಾದಾರವಿಂದಗಳಿಗೆ ಶಿರಸಾಷ್ಟಾಂಗ ನಮಸ್ಕಾರ ಮಾಡುತ್ತಾಳೆ. ತಾನು ಇಲ್ಲಿ ಕ್ಷೇಮ, ತಮ್ಮ ಕ್ಷೇಮ ಸಮಾಚಾರಕ್ಕೆ ಆಗಿಂದಾಗ್ಗೆ ಪತ್ರ ಬರೆಯಬೇಕೆಂದು ಕೋರುತ್ತಾಳೆ. ತೀರ್ಥರೂಪರು ಪರೀಕ್ಷಾ ಕೇಂದ್ರದ ಗೇಟಿನ ಹೊರಗೆ ಬೈಕಿನ ಮೇಲೆ ಕೂತು ಮೊಬೈಲ್ ನೋಡುತ್ತಿದ್ದಾರೆ. ಆ ಪತ್ರದಲ್ಲಿ ಶಾಲಾ ಪ್ರವಾಸಕ್ಕೆ ದುಡ್ಡು ಕೇಳಿರುತ್ತಾಳೆ. ಪ್ರವಾಸ ಬೇಲೂರು ಹಳೇಬೀಡಿಗೆ. ಅಪ್ಪ ಕೊಡದಿದ್ದರೆ ಏನು ಹೇಳಿ ಒಪ್ಪಿಸುತ್ತಾಳೆ? ಅವ್ವನ ಕೈಲಿ ಹೇಳಿಸುತ್ತಾಳಾ, ಅಣ್ಣನಿಗೆ ಹೋದ ವರ್ಷ ಕೊಟ್ಟದ್ದನ್ನು ನೆನಪಿಸುತ್ತಾಳಾ? ಮನೆಯಲ್ಲಿ ಈ ವಾದವನ್ನು ಅವಳು ಎಂಥ ವಕೀಲರಿಗೂ ಕಡಿಮೆಯಿಲ್ಲದಂತೆ ಮಾಡಬಲ್ಲಳು. ಉತ್ತರಪತ್ರಿಕೆಯಲ್ಲಿ ಅದಕ್ಕೆ ಜಾಗ ಇಲ್ಲ. ಕ್ಷೇಮ, ಸ್ಥಳ, ದಿನಾಂಕ, ಸಂಬೋಧನೆ, ಇತಿ, ಹೊರವಿಳಾಸ. ವಿಳಾಸದ ಚೌಕಕ್ಕೆ ಅಂಕ ಇದೆ, ವಾದಕ್ಕೆ ಇಲ್ಲ.

ಇನ್ನು ತಿದ್ದುವ ವಿಚಾರ. ಬಡಗಣ ಕರ್ನಾಟಕದ ಒಂದು ಹಳ್ಳಿ ಶಾಲೆಯ ಆರನೇ ತರಗತಿಯ ಹುಡುಗನೊಬ್ಬನನ್ನು ಕಲ್ಪಿಸಿಕೊಳ್ಳಿ. ಅಂಥವನನ್ನು ಕಂಡಿರದ ಶಿಕ್ಷಕರು ಕಡಿಮೆ, ಹಾಗಾಗಿ ಕಲ್ಪನೆಗೆ ಶ್ರಮವಿಲ್ಲ. 'ಮಳೆಗಾಲದ ಒಂದು ದಿನ' ಎಂಬ ವಿಷಯ ಕೊಟ್ಟ ದಿನ ಮೇಷ್ಟ್ರು ಕ್ಲಸ್ಟರ್ ಸಭೆಗೆ ಹೋಗಿದ್ದರು, ಬೋರ್ಡಿನ ಮೇಲೆ ಏನೂ ಇರಲಿಲ್ಲ. ಬೇರೆ ದಾರಿಯಿಲ್ಲದೆ ಹುಡುಗ ತನ್ನ ಪಾಡಿಗೆ ಬರೆದ: 'ರಾತ್ರಿ ಮಳಿ ಬಂತು. ನಮ್ಮ ಮನಿ ಸೋರತೈತಿ. ಅವ್ವ ಇದ್ದಬದ್ದ ಬೋಗುಣಿ ಎಲ್ಲಾ ಸೋರೋ ಕಡೆ ಇಟ್ಳು. ಮುಂಜಾನೆ ಅಡಗಿ ಮಾಡಾಕ ಬೋಗುಣಿ ಉಳೀಲಿಲ್ಲ. ನಾವು ಮಂಡಕ್ಕಿ ತಿಂದ್ವಿ. ನಮ್ಮ ತಂಗಿಗೆ ಭಾಳ ಖುಷಿ ಆತು.'

ಆರೇ ವಾಕ್ಯ. ಮಳೆ ಇದೆ, ಮನೆ ಇದೆ, ಬಡತನ ಇದೆ, ಆ ಬಡತನ ತಂಗಿಗೆ ಗೊತ್ತಿಲ್ಲ ಎಂಬುದೂ ಇದೆ. ಮುಖ್ಯವಾಗಿ, ಯಾರೂ ಅಳುತ್ತಿಲ್ಲ. ಮೇಷ್ಟ್ರು ಮರುದಿನ ಬಂದು ಕೆಂಪು ಪೆನ್ನು ತೆಗೆದರು. 'ಮಳಿ'ಗೆ ಸುತ್ತು, 'ಮನಿ'ಗೆ ಸುತ್ತು, 'ಸೋರತೈತಿ'ಗೆ ಅಡ್ಡಗೆರೆ, 'ಮಾಡಾಕ'ಗೆ ಎರಡು ಅಡ್ಡಗೆರೆ. ಕೆಳಗೆ ಷರಾ: ಪೀಠಿಕೆ ಇಲ್ಲ, ಗ್ರಾಂಥಿಕ ಭಾಷೆ ಬಳಸು, ಮಳೆಯ ಉಪಯೋಗಗಳನ್ನು ಬರೆದಿಲ್ಲ. ಹುಡುಗ ಬುದ್ಧಿವಂತ, ಒಂದೇ ಸಲಕ್ಕೆ ಹಾದಿಗೆ ಬಂದ. ಮರುವಾರ ಹೀಗೆ ಬರೆದು ತಂದ: 'ಮಳೆಯು ಪ್ರಕೃತಿಯು ಮಾನವನಿಗೆ ನೀಡಿದ ವರದಾನವಾಗಿದೆ. ಮಳೆಯಿಲ್ಲದೆ ಸಕಲ ಜೀವಸಂಕುಲವು ಬದುಕಲು ಸಾಧ್ಯವಿಲ್ಲ. ಆದ್ದರಿಂದ ನಾವೆಲ್ಲರೂ ಮಳೆನೀರನ್ನು ಸಂಗ್ರಹಿಸಬೇಕು.'

ಷರಾ: ಉತ್ತಮ.

ಅವನ ಮನೆಯಲ್ಲಿ ಮಳೆನೀರು ಸಂಗ್ರಹಿಸುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ, ಬೋಗುಣಿ ತುಂಬ ಸಂಗ್ರಹಿಸಿದ್ದರು. ಆದರೆ ಇನ್ನು ಮುಂದೆ ಆ ಬೋಗುಣಿ ಅವನ ನೋಟ್‌ಬುಕ್ಕಿಗೆ ಬರುವುದಿಲ್ಲ. ಮನೆಯಲ್ಲಿ ನಡೆಯುವುದು ಬೇರೆ, ಬರೆಯಬೇಕಾದದ್ದು ಬೇರೆ ಎಂಬ ಪಾಠ ಅವನಿಗೆ ಪಕ್ಕಾ ಆಯಿತು. ಆರು ವಾಕ್ಯ ಬರೆದವನು ಮೂರು ವಾಕ್ಯಕ್ಕೆ ಇಳಿದ, ಅಂಕ ಏರಿತು.

ಒಂದು ಬರಹವನ್ನು ಎರಡನೆಯ ಸಲ ಬರೆಯುವುದು ನಮ್ಮ ಶಾಲೆಯಲ್ಲಿ ಇಲ್ಲವೇ ಇಲ್ಲ ಅನ್ನುವಂತಿಲ್ಲ. ಇದೆ. ಅದಕ್ಕೆ ಇಂಪೊಸಿಷನ್ ಎನ್ನುತ್ತಾರೆ. 'ಹೃದಯ' ತಪ್ಪಿದರೆ ಹತ್ತು ಸಲ, ಮತ್ತೆ ತಪ್ಪಿದರೆ ಐವತ್ತು ಸಲ. ಐವತ್ತನೆಯ ಹೃದಯದ ಹೊತ್ತಿಗೆ ಕೈ ಸೋತು ವಟ್ರಸುಳಿ ಬಾಲ ಕಳೆದುಕೊಂಡಿರುತ್ತದೆ. ಅದಲ್ಲದೆ ಫೇರ್ ಕಾಪಿ ಎಂಬುದೊಂದಿದೆ: ರಫ್ ಬುಕ್ಕಿನಲ್ಲಿ ಇದ್ದದ್ದನ್ನೇ ದುಂಡಗೆ ಇಳಿಸುವುದು. ರಫ್‌ನಲ್ಲಿ ಇದ್ದ ತಪ್ಪು ಫೇರ್‌ನಲ್ಲಿ ಅಂದವಾಗಿ ಇರುತ್ತದೆ, ಮಾರ್ಜಿನ್ ಸಮೇತ. ಹೀಗಾಗಿ ಮರುಬರಹ ಎಂದ ಕೂಡಲೇ ನಮ್ಮ ಮಗುವಿಗೆ ನೆನಪಾಗುವುದು ಶಿಕ್ಷೆ ಅಥವಾ ಶೃಂಗಾರ. ಯಾರಾದರೂ ಎದ್ದು ನಿಂತು, "ಸರ್, ಇದು ಸರಿ ಬಂದಿಲ್ಲ, ಇನ್ನೊಮ್ಮೆ ಬರೀಲೇನ್ರಿ?" ಎಂದು ಕೇಳಿದರೆ ಮೇಷ್ಟ್ರು ಮೊದಲು ಕೇಳುವ ಪ್ರಶ್ನೆ, "ಯಾಕಲೇ, ಏನ್ ತಪ್ಪು ಮಾಡೀ?"

ಅಮೆರಿಕದಲ್ಲೂ ಒಂದು ಕಾಲಕ್ಕೆ ಹೀಗೇ ಇತ್ತು. ಅಲ್ಲಿನವರು ಬುದ್ಧಿವಂತರಾದ ಕಥೆ ಸ್ವಾರಸ್ಯವಾಗಿದೆ, ಮತ್ತೆ ದಡ್ಡರಾದ ಕಥೆ ಅದಕ್ಕಿಂತ ಸ್ವಾರಸ್ಯವಾಗಿದೆ. 1971ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕೆ ಜ್ಯಾನೆಟ್ ಎಮಿಗ್ ಎಂಬಾಕೆ ಹನ್ನೆರಡನೇ ತರಗತಿಯ ಎಂಟು ಮಕ್ಕಳನ್ನು ಮುಂದೆ ಕೂರಿಸಿಕೊಂಡು, ಬರೆಯುವಾಗ ತಲೆಯಲ್ಲಿ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳಿ ಎಂದಳು. ಶಾಲೆ ಹೇಳಿಕೊಡುವ ಹಾಗೆ ಮಕ್ಕಳು ಬರೆಯುವುದೇ ಇಲ್ಲ, ಹಿಂದೆ ಮುಂದೆ ಓಡಾಡಿಕೊಂಡು ಬರೆಯುತ್ತಾರೆ ಎಂದು ಕಂಡಿತು. ಮರುವರ್ಷ ಡೊನಾಲ್ಡ್ ಮರ್ರೆ ಎಂಬ ಪುಲಿಟ್ಜರ್ ಪಡೆದ ಪತ್ರಕರ್ತ, ಮೇಷ್ಟ್ರಾದ ಮೇಲೆ, ಬರೆದು ಮುಗಿಸಿದ್ದನ್ನು ಅಳೆಯುವುದನ್ನು ಬಿಟ್ಟು ಬರೆಯುವುದನ್ನು ಕಲಿಸೋಣ ಎಂದು ಸಹೋದ್ಯೋಗಿಗಳಿಗೆ ಹೇಳಿದ. 1983ರಲ್ಲಿ ಡೊನಾಲ್ಡ್ ಗ್ರೇವ್ಸ್ ಬರೆದ ಪುಸ್ತಕದಿಂದ ಪ್ರಾಥಮಿಕ ಶಾಲೆಯ ಪುಟ್ಟ ಮಕ್ಕಳಿಗೂ ತಮ್ಮ ವಿಷಯವನ್ನು ತಾವೇ ಆರಿಸಿಕೊಳ್ಳುವ, ತಮ್ಮ ಬರಹವನ್ನು ತಾವೇ ಮತ್ತೆ ಮುಟ್ಟುವ ಹಕ್ಕು ಬಂತು. ಇಲ್ಲಿಯವರೆಗೆ ಎಲ್ಲ ಚೆನ್ನ. ಆಮೇಲೆ ಪೋಸ್ಟರ್ ಬಂತು. ಯೋಚಿಸು, ಕರಡು ಬರೆ, ಪರಿಷ್ಕರಿಸು, ತಿದ್ದು, ಪ್ರಕಟಿಸು ಎಂದು ಐದು ಮೆಟ್ಟಿಲಿನ ಬಣ್ಣದ ಪೋಸ್ಟರ್. ವಾರಕ್ಕೆ ಐದು ದಿನ ಶಾಲೆ, ಮೆಟ್ಟಿಲೂ ಐದು! ಸೋಮವಾರ ಯೋಚನೆ, ಶುಕ್ರವಾರ ಪ್ರಕಟಣೆ. ಬುಧವಾರ ಹೊಸ ಯೋಚನೆ ಹೊಳೆದ ಮಗು ಮುಂದಿನ ಸೋಮವಾರದವರೆಗೆ ತಡೆದುಕೊಳ್ಳಬೇಕು. ಹಿಂದೆ ಮುಂದೆ ಓಡಾಡುತ್ತದೆ ಎಂದು ಕಂಡುಹಿಡಿದ ಮನಸ್ಸಿಗೆ ಒನ್ ವೇ ಬೋರ್ಡ್ ಹಾಕಿದರು.

ಅವರದೇ ಈ ಗತಿಯಾದರೆ, ಈ ಪ್ರಕ್ರಿಯೆ ನಮ್ಮ ಇಲಾಖೆಯ ಕೈಗೆ ಸಿಕ್ಕಿದರೆ ಏನಾಗಬಹುದು ಎಂದು ಯೋಚಿಸಿದ್ದೇನೆ. ನನಗೆ ಎಲ್ಲ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿದೆ.

ಮೊದಲು ಬೆಂಗಳೂರಿನಲ್ಲಿ ರಾಜ್ಯ ಸಂಪನ್ಮೂಲ ವ್ಯಕ್ತಿಗಳಿಗೆ ಐದು ದಿನದ ತರಬೇತಿ. ಅವರು ಡಯಟ್‌ಗೆ ಬಂದು ಜಿಲ್ಲೆಯವರಿಗೆ ಮೂರು ದಿನ, ಜಿಲ್ಲೆಯವರು ಬಿ.ಆರ್.ಸಿ.ಯಲ್ಲಿ ತಾಲ್ಲೂಕಿನವರಿಗೆ ಎರಡು ದಿನ, ಕ್ಲಸ್ಟರಿನಲ್ಲಿ ಅರ್ಧ ದಿನ, ಶಾಲೆಗೆ ಬರುವ ಹೊತ್ತಿಗೆ ಒಂದು ವಾಟ್ಸಾಪ್ ಪಿಡಿಎಫ್. ಕಾರ್ಯಕ್ರಮಕ್ಕೆ ಒಂದು ಹೆಸರು ಬೇಕು. 'ಬರಹ ಭಾಗ್ಯ' ಆಗಬಹುದು, 'ಅಕ್ಷರ ಸಿಂಚನ' ಆಗಬಹುದು. ಆಮೇಲೆ ವಹಿ. 'ಕರಡು ನಿರ್ವಹಣಾ ವಹಿ', ಏಳು ಕಾಲಂ: ಕ್ರಮ ಸಂಖ್ಯೆ, ವಿದ್ಯಾರ್ಥಿಯ ಹೆಸರು, ಆಲೋಚನೆ ಬಂದ ದಿನಾಂಕ, ಆಲೋಚನೆ ಬಾರದಿದ್ದಲ್ಲಿ ಕಾರಣ, ಕೈಗೊಂಡ ಪರಿಹಾರ ಬೋಧನೆ, ಪೋಷಕರ ಸಹಿ, ಷರಾ. ಮಗು ಆಲೋಚಿಸುತ್ತಿರುವ ಜಿಪಿಎಸ್ ಸಹಿತ ಫೋಟೊವನ್ನು ಸಂಜೆ ನಾಲ್ಕೂವರೆಯೊಳಗೆ ಅಪ್‌ಲೋಡ್ ಮಾಡತಕ್ಕದ್ದು. ಆಲೋಚಿಸುವ ಮಗು ಕಿಟಕಿಯಾಚೆ ನೋಡುತ್ತಿದ್ದರೆ ಫೋಟೊ ತಿರಸ್ಕೃತ. ಕ್ಯಾಮೆರಾ ನೋಡಬೇಕು, ಎರಡು ಬೆರಳು ಹಣೆಯ ಮೇಲಿರಬೇಕು.

ಗೈಡಿನವರು ಸುಮ್ಮನಿರುತ್ತಾರೆಯೇ? ಇಲಾಖೆಯ ಸುತ್ತೋಲೆ ಅರ್ಥವಾಗುವ ಮೊದಲೇ ಅವರ ಹೊಸ ಆವೃತ್ತಿ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ತೂಗುತ್ತದೆ: 'ಮಾದರಿ ಕರಡುಗಳು, ಹೊಡೆದು ಹಾಕಿದ ಪದಗಳ ಸಹಿತ'. ಜನಸಂಖ್ಯಾ ಸ್ಫೋಟ ಎಂಬ ಪ್ರಬಂಧದ ಮೊದಲ ಕರಡಿನಲ್ಲಿ 'ಭಯಂಕರ' ಎಂದು ಬರೆದು, ಹೊಡೆದು ಹಾಕಿ, ಮೇಲೆ 'ಗಂಭೀರ' ಎಂದು ಬರೆಯತಕ್ಕದ್ದು. ಎರಡನೆಯ ಪ್ಯಾರಾದಲ್ಲಿ ಒಂದು ವಾಕ್ಯವನ್ನು ಬಾಣದ ಗುರುತು ಹಾಕಿ ಮೇಲಕ್ಕೆ ಕಳಿಸತಕ್ಕದ್ದು. ಮಕ್ಕಳು ಹೊಡೆದು ಹಾಕಿದ ಪದಗಳನ್ನೂ ಉರು ಹೊಡೆಯುತ್ತಾರೆ. ಬಾಣ ಎಲ್ಲಿಂದ ಎಲ್ಲಿಗೆ ಎಂಬುದನ್ನು ಟ್ಯೂಷನ್ನಿನಲ್ಲಿ ಅಳತೆಪಟ್ಟಿ ಇಟ್ಟು ಹೇಳಿಕೊಡುತ್ತಾರೆ. ಮೌಲ್ಯಮಾಪನ ಕೇಂದ್ರಕ್ಕೆ ಬರುವ ಮಾದರಿ ಉತ್ತರದಲ್ಲಿ 'ಕನಿಷ್ಠ ಮೂರು ಪದ ಹೊಡೆದು ಹಾಕಿದ್ದರೆ ಒಂದು ಅಂಕ, ಎರಡಿದ್ದರೆ ಅರ್ಧ ಅಂಕ' ಎಂದಿರುತ್ತದೆ. ಲಕ್ಷಾಂತರ ಮಕ್ಕಳು ಒಂದೇ ದಿನ ಒಂದೇ ಜಾಗದಲ್ಲಿ ಒಂದೇ ಪದ ಬರೆದು, ಅದನ್ನೇ ಹೊಡೆದು ಹಾಕುತ್ತಾರೆ. ಹಳ್ಳಿಯ ಪೆದ್ದ ಹುಡುಗನೊಬ್ಬ ನಿಜವಾಗಿಯೇ ಯೋಚಿಸಿ ಬೇರೆ ಪದ ಹೊಡೆದು ಹಾಕಿದರೆ ಅಂಕ ಹೋಗುತ್ತದೆ. ಅಪ್ಪ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕುತ್ತಾನೆ.

ಇದೆಲ್ಲ ಮೇಷ್ಟ್ರ ತಪ್ಪು ಎಂದು ಬರೆದು ಕೈತೊಳೆದುಕೊಳ್ಳುವುದು ಸುಲಭ. ಮೇಷ್ಟ್ರ ದಿನ ಮೊಟ್ಟೆ ಎಷ್ಟು, ಬಾಳೆಹಣ್ಣು ಎಷ್ಟು ಎಂದು ಲೆಕ್ಕ ಬರೆಯುವುದರಿಂದ ಶುರುವಾಗುತ್ತದೆ. ಹಾಜರಾತಿ ಆನ್‌ಲೈನು, ಮಾಹಿತಿ ಆನ್‌ಲೈನು, ಸಿಗ್ನಲ್ ಮಾತ್ರ ನೀರಿನ ಟ್ಯಾಂಕಿನ ಮೇಲೆ. ಮತದಾರರ ಪಟ್ಟಿ ಅವರದು, ಗಣತಿ ಅವರದು, ಸಮೀಕ್ಷೆ ಅವರದು. ಐವತ್ತು ಅರವತ್ತು ನೋಟ್‌ಬುಕ್ಕುಗಳ ಗುಡ್ಡೆಯ ಮುಂದೆ ಕೂತ ಮನುಷ್ಯ ಸೋರುವ ಮನೆಯ ಬೋಗುಣಿಯನ್ನು ನೋಡಲಿ ಎಂದು ಹೇಗೆ ಕೇಳುವುದು? 'ನೋಡಿದೆ' ಎಂದು ಸಹಿ ಹಾಕುವುದಕ್ಕೇ ಸಂಜೆಯಾಗುತ್ತದೆ, ನೋಡುವುದಕ್ಕೆ ಬೇರೆ ಸಂಜೆ ಬೇಕು. ಅದಿರಲಿ, ಅವರೇ ಸ್ವಂತವಾಗಿ ಏನಾದರೂ ಬರೆದು ಎಷ್ಟು ವರ್ಷವಾಯಿತು? ಅವರ ಪಾಠ ಟಿಪ್ಪಣಿಯೂ ಹೋದ ವರ್ಷದ್ದರ ನಕಲು. ಪರಿಶೀಲಿಸಲು ಬಂದ ಅಧಿಕಾರಿಯ ತಪಾಸಣಾ ವರದಿ ಪಕ್ಕದ ಶಾಲೆಯದರ ನಕಲು. ಕಂಠಪಾಠ ಬಿಡಿಸಬೇಕು ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. ಅದನ್ನು ಶಿಕ್ಷಕರ ನೇಮಕಾತಿ ಪರೀಕ್ಷೆಗೆ ಕಂಠಪಾಠ ಮಾಡಿದವರು ಈಗ ನೌಕರಿಯಲ್ಲಿದ್ದಾರೆ.

ಪಟ್ಟಣದ ಇಂಗ್ಲಿಷ್ ಮೀಡಿಯಂ ಶಾಲೆಗಳಲ್ಲಿ ಈ ಗೋಳಿಲ್ಲ. ಅಲ್ಲಿ ಪ್ರಾಜೆಕ್ಟ್ ಇದೆ, ಅದನ್ನು ಅಮ್ಮಂದಿರು ಬರೆಯುತ್ತಾರೆ. ಈಚೆಗೆ ಚಾಟ್‌ಜಿಪಿಟಿ ಬರೆಯುತ್ತಿದೆ ಎಂದು ಆ ಶಾಲೆಗಳು ಗಾಬರಿಯಾಗಿವೆ. ಗಾಬರಿಗೆ ಕಾರಣ ನನಗೆ ಕಾಣದು. ಪೀಠಿಕೆ ಇದೆ, ನಿರೂಪಣೆ ಇದೆ, ಉಪಸಂಹಾರದಲ್ಲಿ ನಾವೆಲ್ಲರೂ ಕೈಜೋಡಿಸಬೇಕೆಂಬ ಕರೆ ಇದೆ, ಸೋರುವ ಮನೆ ಎಲ್ಲೂ ಇಲ್ಲ. ನಾವು ಇಷ್ಟು ವರ್ಷ ಹುಡುಕುತ್ತಿದ್ದ ಆದರ್ಶ ವಿದ್ಯಾರ್ಥಿ ಸಿಕ್ಕಿದ್ದಾನೆ, ಸಮವಸ್ತ್ರದ ಖರ್ಚೂ ಇಲ್ಲ.

ಮಕ್ಕಳು ಕೂತು ತಿದ್ದಿ ಬರೆಯುವುದು ನಡೆಯದ ಮಾತು ಎನ್ನುವವರಿಗೆ ಇಟಲಿಯ ಬಾರ್ಬಿಯಾನಾ ನೆನಪಿಸುತ್ತೇನೆ. ಫ್ಲಾರೆನ್ಸ್ ಬಳಿಯ ಬೆಟ್ಟದ ಕೊಂಪೆ. ಲೊರೆಂಜೊ ಮಿಲಾನಿ ಎಂಬ ಪಾದ್ರಿಯನ್ನು 1954ರಲ್ಲಿ ಅಲ್ಲಿಗೆ ಹಾಕಿದರು. ಸರಕಾರಿ ಶಾಲೆಯಲ್ಲಿ ನಪಾಸಾಗಿ ಹೊರಬಿದ್ದ ರೈತರ ಮಕ್ಕಳನ್ನು ಆತ ಕೂರಿಸಿಕೊಂಡ. 1967ರಲ್ಲಿ ಅವರ ಪೈಕಿ ಎಂಟು ಹುಡುಗರು ಸೇರಿ, ನಪಾಸು ಮಾಡಿದ ಮೇಡಮ್ಮಿಗೆ ಒಂದು ಪತ್ರ ಬರೆದರು. ಪುಸ್ತಕದುದ್ದದ ಪತ್ರ. ಅದು ಜಗತ್ತಿನ ಹಲವು ಭಾಷೆಗಳಿಗೆ ಹೋಯಿತು. ಅವರು ಬರೆದ ಕ್ರಮವನ್ನು ಆ ಪುಸ್ತಕದಲ್ಲೇ ಹೇಳಿದ್ದಾರೆ. ಒಬ್ಬೊಬ್ಬನ ಜೇಬಿನಲ್ಲೂ ಒಂದು ಪುಸ್ತಕ, ಹೊಳೆದದ್ದನ್ನು ಅಲ್ಲೇ ಬರೆದುಕೊಳ್ಳುವುದು. ಒಂದು ಚೀಟಿಗೆ ಒಂದೇ ಮಾತು. ಒಂದು ದಿನ ಎಲ್ಲ ಚೀಟಿಗಳನ್ನು ಮೇಜಿನ ಮೇಲೆ ಹರಡಿ, ಒಂದೇ ಥರದವನ್ನು ಗುಡ್ಡೆ ಮಾಡುವುದು. ಗುಡ್ಡೆಗಳೇ ಅಧ್ಯಾಯ. ಆಮೇಲೆ ಕತ್ತರಿ, ಅಂಟು, ಬಣ್ಣದ ಪೆನ್ಸಿಲ್. ತೆಗೆಯಬಹುದಾದ ಪದ ಯಾವುದು ಎಂದು ಪೈಪೋಟಿಯ ಮೇಲೆ ಹುಡುಕುವುದು. ಕೊನೆಗೆ ಹೊರಗಿನವರನ್ನು ಕರೆದು ಓದಿಸುವುದು, ಅದರಲ್ಲೂ ಹೆಚ್ಚು ಓದಿರದವರನ್ನು. ಅವರಿಗೆ ಅರ್ಥವಾಗದಿದ್ದರೆ ತಪ್ಪು ಬರೆದವರದು. ಸ್ಪಷ್ಟ ಮಾಡಲು ಕೊಟ್ಟ ಸಲಹೆ ತೆಗೆದುಕೊಳ್ಳುತ್ತಿದ್ದರು. ಯಾರಿಗಾದರೂ ನೋವಾದೀತು, ಮೆತ್ತಗೆ ಬರೆಯಿರಿ ಎಂದು ಎಚ್ಚರಿಸಿದವರ ಮಾತನ್ನು ಬಿಟ್ಟುಬಿಡುತ್ತಿದ್ದರು.

ಚೀಟಿ, ಕತ್ತರಿ, ಅಂಟು. ಟ್ಯಾಬು ಇಲ್ಲ, ಆ್ಯಪ್ ಇಲ್ಲ, ಕಾಲಂ ಇಲ್ಲ. ಇದನ್ನು ನಮ್ಮ ಶಾಲೆಗೆ ತರಲು ಟೆಂಡರ್ ಕರೆಯುವುದಕ್ಕೇ ಆಗುವುದಿಲ್ಲ, ಬಹುಶಃ ಅದೇ ತೊಡಕು.

ಮುಖ್ಯೋಪಾಧ್ಯಾಯರಲ್ಲಿ ನನ್ನದೊಂದು ಅರಿಕೆ ಇದೆ. ಕ್ಷೇಮ ಸಮಾಚಾರ ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ. ನಿಮ್ಮ ಶಾಲೆಯ ವೇಳಾಪಟ್ಟಿಯಲ್ಲಿ ವಾರಕ್ಕೊಂದು ಲೈಬ್ರರಿ ಪೀರಿಯಡ್ ಇದೆ. ಕಾಗದದ ಮೇಲೆ ಇದೆ, ತರಗತಿಯಲ್ಲಿ ಅದನ್ನು ಗಣಿತದ ಮೇಷ್ಟ್ರು ತೆಗೆದುಕೊಳ್ಳುತ್ತಾರೆ. ಅವರಿಂದ ಆ ನಲವತ್ತು ನಿಮಿಷ ಬಿಡಿಸಿ ಮಕ್ಕಳಿಗೆ ಕೊಡಿ. ಹೋದ ವಾರ ತಾವೇ ಬರೆದದ್ದನ್ನು ಮತ್ತೆ ತೆಗೆದು, ಪಕ್ಕದವನಿಗೆ ಓದಿ ಹೇಳಿ, ಬೇಕಾದದ್ದು ಹೊಡೆದು ಹಾಕಿ, ಬೇಕಾದದ್ದು ಸೇರಿಸಲಿ. ಆ ನಲವತ್ತು ನಿಮಿಷ ಕೆಂಪು ಪೆನ್ನು ಬೀರುವಿನೊಳಗೆ ಇರಲಿ, ಬೀಗದ ಕೈ ನಿಮ್ಮ ಹತ್ತಿರವೇ ಇದೆಯಲ್ಲ. ಮಳಿ, ಮನಿ ಎಂದು ಬರೆದವರನ್ನು ಒಂದು ವರ್ಷ ತಡೆಯಬೇಡಿ. ಫೋಟೊ ತೆಗೆಯಬೇಡಿ. ಮೇಲಿನವರಿಗೆ ವರದಿ ಕಳಿಸಬೇಡಿ, ಕಳಿಸಿದರೆ ನಾಳೆಯೇ ವಹಿ ಬರುತ್ತದೆ.